ನುಣುಪು ಕೆನ್ನೆ

ಬೊಹೀಮಿಯಾದ ಒಂದು ಹೊಳೆದಂಡೆಯ ಊರು. ಫೋಟೋ ತೆಗೆಯುವುದನ್ನು ಜನ ಇನ್ನೂ ಅರ್ಧ ಮಾಟವೆಂದೇ ನಂಬಿದ್ದ ಕಾಲ. ಚೆಕ್ ಸೀಮೆಯಲ್ಲಿ ಆ ವಿದ್ಯೆ ಕಲಿತ ಮೊದಲಿಗರಲ್ಲಿ ಹಿನೆಕ್ ಗುರುಗಳು ಒಬ್ಬರು.

ಅವರ ಶಿಷ್ಯ ಓಟಕರ್. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಚಿತ್ರದ ಕೆಳಗೆ ತನ್ನ ಹೆಸರು ಹಾಕಿಕೊಳ್ಳಲು ಗುರುಗಳು ಯಾವತ್ತು ಅಪ್ಪಣೆ ಕೊಟ್ಟಾರೋ ಎಂದು ಜೀವ ಬಿಡುತ್ತಿದ್ದ.

ಒಂದು ದಿನ ಲುದ್ಮಿಲಾ ಎಂಬ ವಿಧವೆ ತನ್ನ ಒಬ್ಬಳೇ ಮಗಳನ್ನು ಕರೆತಂದು ಕೂರಿಸಿದಳು. ಊರವರ ಬಟ್ಟೆ ಒಗೆದು ಬದುಕುವವಳು. ಹುಡುಗಿಯ ಕೆನ್ನೆ ತುಂಬ ಸಿಡುಬಿನ ಕಲೆ.

ಗುರುಗಳು ಚಿತ್ರ ತೆಗೆದರು. ಚಿತ್ರ ಮೂಡಿದ ಗಾಜಿನ ಫಲಕವನ್ನು ಓಟಕರ್‌ನ ಕೈಗಿತ್ತು, ಇದನ್ನು ಕಾಗದಕ್ಕೆ ಇಳಿಸಿಡು ಎಂದು ಹೇಳಿ ಪರವೂರಿಗೆ ಹೋದರು.

ಇಳಿಸಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಇವನ ಕೈ ಸುಮ್ಮನಿರಬೇಕಲ್ಲ! ಚೂಪು ಅಲಗಿನಿಂದ ಗಾಜಿನ ಮೇಲಿನ ಪದರವನ್ನು ಕೆರೆದ, ಕುಂಚದಿಂದ ತಿದ್ದಿದ, ಹಗಲೆಲ್ಲ ಕೂತು ಆ ಕೆನ್ನೆಯನ್ನು ಬೆಣ್ಣೆಯಂತೆ ನುಣುಪು ಮಾಡಿದ. ಇದನ್ನು ನೋಡಿ ಗುರುಗಳು ಭೇಷ್ ಅನ್ನದೆ ಇರುತ್ತಾರೆಯೇ ಎಂದು ಒಳಗೊಳಗೇ ಹಿಗ್ಗಿದ.

ಅಷ್ಟರಲ್ಲಿ ಹುಡುಗಿ ಜ್ವರ ಬಂದು ತೀರಿಕೊಂಡಳು.

ಗುರುಗಳು ಮರಳಿದ ದಿನವೇ ಲುದ್ಮಿಲಾ ಚಿತ್ರ ಕೇಳಿಕೊಂಡು ಬಂದಳು. ಓಟಕರ್ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಆಕೆ ತುಂಬ ಹೊತ್ತು ನೋಡಿದಳು.

"ಚೆನ್ನಾಗಿದ್ದಾಳೆ," ಎಂದಳು. "ಯಾರ ಮಗಳು?"

ನಿಮ್ಮ ಮಗಳೇ ತಾಯಿ, ಕಲೆಗಳನ್ನಷ್ಟೇ ತೆಗೆದೆ ಎಂದು ಓಟಕರ್ ತೊದಲಿದ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿ ಹೊರಟುಹೋದಳು.

ಗುರುಗಳು ಫಲಕವನ್ನು ಬೆಳಕಿಗೆ ಹಿಡಿದರು. ಕೆರೆದದ್ದು ಕೆರೆದದ್ದೇ. ಆ ಹುಡುಗಿಯದು ಇನ್ನೊಂದು ಫಲಕ ಇರಲಿಲ್ಲ.

"ಕಲೆಗಳು ಎಲ್ಲೆಲ್ಲಿದ್ದವು, ಹೇಳು," ಎಂದರು.

ಓಟಕರ್ ಕಣ್ಣು ಮುಚ್ಚಿ ನೆನೆದ. ಹಗಲೆಲ್ಲ ಆ ಮುಖದ ಮೇಲೇ ಬಗ್ಗಿ ಕೂತಿದ್ದವನಿಗೆ ಒಂದು ಕಲೆಯೂ ನೆನಪಾಗಲಿಲ್ಲ. ನಾಚಿಕೆಯಿಂದ ನೆಲಕ್ಕಿಳಿದುಹೋದ. ಆದರೂ ಆಸೆ ಬಿಡಲಿಲ್ಲ.

"ಆಕೆಯನ್ನು ಕರೆತರುತ್ತೇನೆ, ಗುರುಗಳೇ. ಹೆತ್ತವಳಿಗೆ ಒಂದೊಂದು ಕಲೆಯೂ ನೆನಪಿರುತ್ತದೆ. ಆಕೆ ಹೇಳಲಿ, ನಾನು ಮತ್ತೆ ಬರೆಯುತ್ತೇನೆ."

ಗುರುಗಳು ಫಲಕವನ್ನು ಕೆಳಗಿಟ್ಟರು.

"ಇವತ್ತು ನೆನಪಿದೆ. ಅದು ಮಾಸಿದ ಮೇಲೆ, ನೀನು ಬರೆದದ್ದು ಮಗಳ ಮುಖವೋ ನಿನ್ನ ಕೈಚಳಕವೋ ಎಂದು ಆಕೆಗೆ ಹೇಗೆ ತಿಳಿಯಬೇಕು? ಆ ದಿನಕ್ಕೆಂದೇ ಅಲ್ಲವೇ ಆಕೆ ಚಿತ್ರ ತೆಗೆಸಿದ್ದು?"