ಬಳೆಗಾರನ ಕೈ

"ಗುರುಗಳೇ, ಕಷ್ಟದಲ್ಲಿರುವವರಿಗೆ ನಾನು ಸಮಾಧಾನ ಹೇಳುತ್ತೇನೆ. ಅವರಿಗೆ ಹಗುರಾಗುತ್ತದೆ. ನನಗೇ ಕಷ್ಟ ಬಂದಾಗ ಅದೇ ಮಾತು ಒದಗುವುದಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಳೆಗಾರನಿದ್ದ. ಹಳೆಯ ಕಾರಿನಲ್ಲಿ ಬಳೆಯ ಪೆಟ್ಟಿಗೆಗಳನ್ನು ಹೇರಿಕೊಂಡು ಊರೂರು ತಿರುಗುತ್ತಿದ್ದ. ಅವನ ಮಗಳ ಸೀಮಂತ ಬಂತು. ಹಸಿರು ಬಳೆಯನ್ನು ತಾನೇ ತೊಡಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಸೀಮಂತದ ಹಿಂದಿನ ದಿನ ಬೆಳಿಗ್ಗೆ ಕಾರಿನ ಸ್ಟಾರ್ಟರ್ ಮೋಟಾರು ಸುಟ್ಟುಹೋಯಿತು. ಮಗಳ ಊರಿಗೆ ಬಸ್ಸಿಲ್ಲ. ಮನೆಯಿದ್ದದ್ದು ತಗ್ಗಿನಲ್ಲಿ, ಕಾರನ್ನು ತಳ್ಳಿ ಹೊರಡಿಸುವಂತೆಯೂ ಇರಲಿಲ್ಲ. ಗ್ಯಾರೇಜಿನವನು ಹೊಸ ಮೋಟಾರು ಕೈಗಿಟ್ಟು, "ನನಗೆ ಎರಡು ದಿನ ಪುರಸೊತ್ತಿಲ್ಲ. ಮೊದಲು ಬ್ಯಾಟರಿ ತಂತಿ ಬಿಚ್ಚಿ, ಆಮೇಲೆ ನೀವೇ ಹಾಕ್ಕೊಳ್ಳಿ" ಎಂದ.

ಮೋಟಾರು ಎಂಜಿನ್ನಿನ ಬೆನ್ನಿಗೆ ಅಡಗಿತ್ತು. ಕೆಳಗಿನ ಬೋಲ್ಟು ಬಂತು. ಮೇಲಿನದು ಕಣ್ಣಿಗೆ ಕಾಣದು. ಸಂದಿಯಲ್ಲಿ ಕೈ ತೂರಿಸಿ ತಡವಿಯೇ ಹುಡುಕಬೇಕು. ಬಳೆಗಾರ ತೂರಿಸಿದ. ಕೈ ಗೆಣ್ಣಿನ ತನಕ ಹೋಗಿ ನಿಂತಿತು. ಒಳಗೂ ಹೋಗದು, ಹೊರಗೂ ಬಾರದು.

"ಲೇ, ಕೈ ಸಿಕ್ಕಿಕೊಂಡಿತು ಕಣೇ!"

ಹೆಂಡತಿ ಸೋಪಿನ ನೀರು ತಂದಳು. "ಊರ ಹೆಂಗಸರಿಗೆಲ್ಲ ಹೇಳ್ತೀರಲ್ಲ, ಕೈ ಬೆಣ್ಣೆ ಮಾಡ್ಕೋ ತಾಯಿ, ಬಿಗಿ ಹಿಡಿದ್ರೇನೇ ನೋವು ಅಂತ. ಈಗ ನೀವು ಮಾಡ್ಕೊಳ್ಳಿ, ನೋಡೋಣ."

"ಅದು ಬಳೆ. ಇದು ಕಬ್ಬಿಣ!"

"ಕೈ ಕೈಯೇ ತಾನೆ?"

ಸಡಿಲಾಗು ಎಂದು ಬಳೆಗಾರ ತನ್ನ ಕೈಗೆ ಹೇಳಿದ. ಅದು ಬಿಗಿಯಿತು. ಮತ್ತೆ ಹೇಳಿದ. ಮತ್ತೂ ಬಿಗಿಯಿತು. ಅವನಿಗೆ ಗಲಿಬಿಲಿಯಾಯಿತು. ಸಡಿಲ ಬಿಡುವುದೆಂದರೆ ಏನು ಮಾಡುವುದು? ಮೂವತ್ತು ವರ್ಷ ಹೇಳಿಕೊಂಡು ಬಂದ ಮಾತು. ಕೇಳಿದವರು ಏನು ಮಾಡುತ್ತಿದ್ದರೋ, ಅವನಿಗೆ ಗೊತ್ತೇ ಇರಲಿಲ್ಲ.

ಹೆಂಡತಿ ನೀರು ಸುರಿಯುತ್ತ, "ಮಗಳಿಗೆ ಯಾವ ಅಳತೆಯ ಬಳೆ ಇಟ್ಟಿದ್ದೀರಿ?" ಎಂದಳು.

"ಯಾವಾಗಲೂ ತೊಡೋದೇ."

"ಈಗ ಬಸುರಿ. ಕೈ ಊದಿಕೊಂಡಿದೆಯಂತೆ."

ಮಗಳ ಕೈ ಎಷ್ಟು ಊದಿದ್ದೀತೆಂದು ಅವನು ಯೋಚಿಸಿದ. ಯೋಚಿಸುತ್ತಿರುವಾಗಲೇ ಬೆರಳ ತುದಿಗೆ ಬೋಲ್ಟು ತಗುಲಿತು. ಕೈ ಯಾವಾಗ ಒಳಗೆ ಹೋಯಿತೋ ತಿಳಿಯಲಿಲ್ಲ.

ಸಂಜೆಯೊಳಗೆ ಕಾರು ಹೊರಟಿತು. ಮರುದಿನ ಬಳೆಗಾರ ಮಗಳ ಎದುರು ಕೂತ. ದೊಡ್ಡ ಅಳತೆಯದನ್ನೇ ತಂದಿದ್ದರೂ ಮೊದಲ ಬಳೆ ಗೆಣ್ಣಿನ ಮೇಲೆ ನಿಂತಿತು. ಮಗಳು ತುಟಿ ಕಚ್ಚಿದಳು. ಕೈ ಬೆಣ್ಣೆ ಮಾಡ್ಕೋ ಎಂಬುದು ಬಾಯಿಗೆ ಬಂತು, ನುಂಗಿಕೊಂಡ. "ನೋಯ್ತೇನಮ್ಮಾ?" ಎಂದು ಕೇಳಿ, ಬಳೆಯನ್ನು ಹಿಂದಕ್ಕೆ ತೆಗೆದು, ಅವಳು ಹೂಂ ಅನ್ನುವ ತನಕ ಕಾದ.

ಶಿಷ್ಯನಿಗೆ ಅರ್ಥವಾಗಲಿಲ್ಲ. "ಅಷ್ಟು ಜನಕ್ಕೆ ಹೇಳಿದ್ದನ್ನು ಸ್ವಂತ ಮಗಳಿಗೆ ಯಾಕೆ ಹೇಳಲಿಲ್ಲ? ಆ ಮಾತು ಸುಳ್ಳೇ?"

"ಸುಳ್ಳಲ್ಲ, ಮೂವತ್ತು ವರ್ಷ ಅದನ್ನು ಹೇಳುವಾಗ ನೋಯುತ್ತಿದ್ದದ್ದು ಬೇರೆಯವರ ಕೈ" ಎಂದರು ಗುರುಗಳು.