ಒಂದು ಚಾಪೆ ಅಗಲ

ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಕಥೆ ಕೂರುವುದಕ್ಕೂ ಜಾಗ ಬೇಕು.

ಮನುಷ್ಯರಿಗಿಂತ ಕುರಿಗಳೇ ಹೆಚ್ಚಿದ್ದ ಒಂದು ರಾಜ್ಯ. ಅಲ್ಲಿ ರಾಜ ಹೊದೆಯುವುದೂ ಕಂಬಳಿ, ಕುರಿ ಕಾಯುವವ ಹೊದೆಯುವುದೂ ಕಂಬಳಿ. ಆ ರಾಜ್ಯದಲ್ಲಿ ಉಣ್ಣೆ ನೂಲುವ ಮಾಳವ್ವ ಇದ್ದಳು. ಗಂಡ ಬೀರಪ್ಪ ಕಂಬಳಿ ನೇಯುತ್ತಿದ್ದವನು, ಮೂರು ವರ್ಷದ ಹಿಂದೆ ತೀರಿಕೊಂಡಿದ್ದ. ಅವತ್ತಿನಿಂದ ಮಾಳವ್ವ ಮನೆಯೊಳಗಿನ ಒಂದು ಕಡ್ಡಿಯನ್ನೂ ಹೊರಗೆ ಹಾಕಿರಲಿಲ್ಲ. ಒಡಕು ಗಡಿಗೆ, ಹರಿದ ಮೊರ, ಮುರಿದ ಒನಕೆ, ತುಂಡು ಹಗ್ಗ ಎಲ್ಲವೂ ಒಳಕೋಣೆ ಸೇರಿದವು. ಕೋಣೆ ತುಂಬಿತು. ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು.

ಆ ರಾಶಿಯ ಅಡಿಯಲ್ಲಿ ಒಂದು ಹೆಗ್ಗಣ ಬಿಡಾರ ಹೂಡಿತ್ತು. ಮಾತು ಬಲ್ಲ ಹೆಗ್ಗಣ. ಮಾತೋ, ಬೆಣ್ಣೆ.

ಹೀಗಿರುವಾಗ ಮಗಳು ಹೊನ್ನಿಯ ಊರಿಂದ ಸುದ್ದಿ ಬಂತು. ಅವಳು ತುಂಬಿದ ಬಸುರಿ, ಚೊಚ್ಚಲ ಹೆರಿಗೆಗೆ ಹತ್ತು ದಿನದಲ್ಲಿ ತವರಿಗೆ ಬರುತ್ತಾಳೆ. ಆ ಸೀಮೆಯಲ್ಲಿ ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ತಾಯಿಯ ತಂದೆಯ ಕಂಬಳಿಯ ಮೇಲೆ. ಬೀರಪ್ಪ ತಾನೇ ನೇಯ್ದು ಹೊದ್ದ ಕಂಬಳಿ ಆ ರಾಶಿಯಲ್ಲೇ ಎಲ್ಲೋ ಇತ್ತು. ಮಾಳವ್ವನಿಗೆ ಸಂತೋಷವೂ ಆಯಿತು, ಚಿಂತೆಯೂ ಹತ್ತಿತು. ಮಗಳನ್ನು ಮಲಗಿಸುವುದೆಲ್ಲಿ?

ಮೊದಲನೆಯ ದಿನ ಒಂದು ಒಡಕು ಗಡಿಗೆ ಎತ್ತಿದಳು. ರಾಶಿಯಿಂದ ಹೆಗ್ಗಣ ಮೂತಿ ಹೊರಹಾಕಿತು.

"ಯವ್ವಾ, ಇಟ್ಕೋ. ಮುಂದ ಬೇಕಾಗ್ತದ."

ಹೌದಲ್ಲ ಅನ್ನಿಸಿತು. ಗಡಿಗೆ ಕೆಳಗಿಟ್ಟಳು.

ಎರಡನೆಯ ದಿನ ತುಂಡು ಹಗ್ಗ ಎತ್ತಿದಳು.

"ಅದು ಬೀರಪ್ಪ ಹೊಸೆದ ಹಗ್ಗ. ಎಸದ್ರ ಅವನ್ನೇ ಎಸದಂಗ. ಅವನ ಕಂಬಳೀನೂ ನನ್ನ ಹತ್ರ ಐತಿ, ಜ್ವಾಕಿಯಿಂದ ಕಾಯಾಕತ್ತೀನಿ."

ಮಾಳವ್ವನ ಕಣ್ಣು ತುಂಬಿತು. ಹಗ್ಗ ಕೆಳಗಿಟ್ಟಳು.

ಮೂರನೆಯ ದಿನ ಬರಿಗೈಲಿ ಬಾಗಿಲಲ್ಲಿ ನಿಂತಳು.

"ಮಾಡಿದ್ರ ಪೂರಾ ಮಾಡು, ಇಲ್ಲಾಂದ್ರ ಬಿಡು," ಎಂದಿತು ಹೆಗ್ಗಣ. "ಅರ್ಧಂಬರ್ಧ ಕೆಲಸ ಮನಿಗೆ ಒಳ್ಳೇದಲ್ಲ. ಇವತ್ತು ನಿನಗ ತ್ರಾಣ ಎಲ್ಲೈತಿ?"

ಅಷ್ಟು ದೊಡ್ಡ ರಾಶಿ ನೋಡಿದ ಮಾಳವ್ವ ಬಾಗಿಲು ಎಳೆದುಕೊಂಡಳು. ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟಳು.

ಅಲ್ಲಿಗೆ ಸೂಲಗಿತ್ತಿ ದ್ಯಾಮವ್ವ ಬಂದಳು. ಹೆರಿಗೆಗೆ ಮುಂಚೆ ಕೋಣೆ ನೋಡಿ ಹೋಗುವುದು ಅವಳ ಪದ್ಧತಿ. ಬಾಗಿಲಲ್ಲಿ ಇಣುಕಿದವಳು ಒಳಗೆ ಕಾಲಿಡಲಿಲ್ಲ.

"ತಂಗಿ, ಹೆಗ್ಗಣ ಇರೋ ಕೋಣ್ಯಾಗ ನಾ ಕೂಸು ಮಲಗ್ಸಂಗಿಲ್ಲ. ಎಳೇ ಕೂಸಿನ ಬೆರಳು ಕಡದದ್ದು ಈ ಕಣ್ಣಿಲೆ ನೋಡೀನಿ. ಹಿಂಗಾದ್ರ ಹೊನ್ನೀನ ಬರಬ್ಯಾಡ ಅಂತ ಹೇಳಿ ಕಳಿಸು."

"ಯಕ್ಕಾ, ಎಲ್ಲಿಂದ ಶುರು ಮಾಡ್ಲಿ? ನನ್ನ ಕೈಲಿ ಆಗವಲ್ದು."

ದ್ಯಾಮವ್ವ ಅವಳ ಪಕ್ಕ ಕೂತು, ಒಳಗೆ ಕೇಳದಂತೆ ಮೆಲ್ಲಗೆ ಹೇಳಿದಳು. "ಕೋಣಿ ನೋಡಬ್ಯಾಡ. ಬಾಗಿಲ ಕಡಿಂದ ಒಂದು ಚಾಪಿ ಹಾಸೋವಷ್ಟು ಜಾಗ ನೋಡು. ದಿನಕ್ಕ ಅಷ್ಟ ಸಾಕು. ಒಂದೊಂದು ವಸ್ತು ಕೈಯಾಗ ಹಿಡದು, ಇದು ಕೂಸಿನ ಪಕ್ಕ ಇರಬೇಕೇನು ಅಂತ ನಿನ್ನ ನೀನ ಕೇಳ್ಕೋ. ಖಾಲಿ ಆದ ಜಾಗದಾಗ ಬಿಲ ಕಂಡ್ರ ಕಲ್ಲು ಜಡಿ, ಸಗಣಿಲೆ ಸಾರ್ಸು. ಹೆಗ್ಗಣದ ಕೂಡ ಮಾತ್ರ ವಾದಕ್ಕ ಹೋಗಬ್ಯಾಡ."

ಮರುದಿನ ಬೆಳಿಗ್ಗೆ ಮಾಳವ್ವ ಒಳಗೆ ಹೋಗಿ, "ಇವತ್ತು ಒಂದೇ ಚಾಪಿ ಅಗಲ," ಎಂದಳು.

ಹೆಗ್ಗಣಕ್ಕೆ ನಗು ಬಂತು. "ಒಂದು ಚಾಪಿ ತಾನೇ? ತಗೋ, ತಗೋ."

ಒಡಕು ಗಡಿಗೆ ತಿಪ್ಪೆಗೆ ಹೋಯಿತು. ಗಟ್ಟಿ ಗಡಿಗೆ ನೆರೆಮನೆಗೆ ಹೋಯಿತು. ಒಂದು ಬಿಲ ಕಂಡಿತು, ಕಲ್ಲು ಜಡಿದಳು. ನೆಲ ಸಾರಿಸಿ, ಒಣಗಿದ ಮೇಲೆ ಚಾಪೆ ಹಾಸಿ ಅದರ ಮೇಲೆ ಕೂತಳು. ಮೂರು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಉಸಿರು ಸಲೀಸಾಗಿ ಆಡಿತು.

ಎರಡನೆಯ ದಿನವೂ ಅದೇ ಮಾತು, ಒಂದೇ ಚಾಪಿ. ಹೆಗ್ಗಣ ಒಂದಿಷ್ಟು ಹಿಂದೆ ಸರಿಯಿತು. ಮೂರನೆಯ ದಿನವೂ ಅದೇ ಮಾತು. ಇನ್ನೂ ಒಂದಿಷ್ಟು ಸರಿಯಿತು. ಪೂರಾ ಮಾಡುವವರನ್ನು ತಡೆಯುವುದು ಅದಕ್ಕೆ ಗೊತ್ತಿತ್ತು, ಸ್ವಲ್ಪ ಮಾಡುವವರನ್ನು ತಡೆಯುವುದು ಗೊತ್ತಿರಲಿಲ್ಲ.

ಆರು ದಿನಕ್ಕೆ ಮೂಲೆಯಲ್ಲಿ ಒಂದೇ ಒಂದು ಬುಟ್ಟಿ ಉಳಿಯಿತು. ಏಳನೆಯ ದಿನ ಅದರ ಅಡಿಯಿಂದ ಹೆಗ್ಗಣ ಕೂಗಿತು.

"ಯವ್ವಾ, ಇದೊಂದು ಮುಟ್ಟಬ್ಯಾಡ! ಬೀರಪ್ಪನ ಕಂಬಳಿ ಇಲ್ಲೇ ಐತಿ. ಮುಟ್ಟಿದ್ರ ಅವನ ನೆನಪು ಹೋಗ್ತದ."

ಮಾಳವ್ವ ಬುಟ್ಟಿಯ ಅಂಚಿಗೆ ಕೈ ಹಾಕಿ ಅಂದಳು, "ಇಷ್ಟು ದಿನ ಕಾದೀಯಲ್ಲ, ತೋರ್ಸು ನೋಡೋಣ."

ಬುಟ್ಟಿ ಎತ್ತಿದಳು. ಕಂಬಳಿ ಇರಲಿಲ್ಲ. ಕಡಿದು ಕಡಿದು ಚಿಂದಿಯಾದ ಉಣ್ಣೆಯ ಗೂಡೊಂದಿತ್ತು. ಹೆಗ್ಗಣ ಮೂರು ವರ್ಷ ಅದರ ಮೇಲೇ ಬೆಚ್ಚಗೆ ಮಲಗಿತ್ತು.

ಹೆಗ್ಗಣ ಓಟ ಕಿತ್ತಿತು. ಗಡಿಗೆಯ ಹಿಂದೆ ಅಡಗೋಣವೆಂದರೆ ಗಡಿಗೆಯಿಲ್ಲ. ರಾಶಿಯಡಿ ನುಗ್ಗೋಣವೆಂದರೆ ರಾಶಿಯಿಲ್ಲ. ಬಿಲಕ್ಕೆ ಇಳಿಯೋಣವೆಂದರೆ ಬಿಲದ ಬಾಯಿಗೆ ಕಲ್ಲು. ಬಯಲು ನೆಲದ ಮೇಲೆ ಓಡಿ, ತೆರೆದ ಬಾಗಿಲು ದಾಟಿ ಹೋದದ್ದು ಮತ್ತೆ ಬರಲಿಲ್ಲ.

ಮಾಳವ್ವ ಚಿಂದಿಯನ್ನು ಮಡಿಲಿಗೆ ಹಾಕಿಕೊಂಡು ಅತ್ತಳು. ಗಂಡ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಒಂದೊಂದೇ ಎಳೆ ಬಿಡಿಸಿ ಹುಡುಕಿದಳು. ಹಲ್ಲು ತಾಗದ ಒಂದು ತುಂಡು ಸಿಕ್ಕಿತು, ಅಂಗೈ ಅಗಲದ್ದು. ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿದಳು.

ಹೊನ್ನಿ ಬಂದಳು. ನಾಲ್ಕನೆಯ ದಿನ ಆ ಕೋಣೆಯಲ್ಲೇ ಹೆತ್ತಳು. ಹೆಣ್ಣು ಕೂಸು.

ದ್ಯಾಮವ್ವ ಕೈ ಚಾಚಿದಳು. "ಎಲ್ಲಿ, ಅಜ್ಜನ ಕಂಬಳಿ ಕೊಡು."

ಮಾಳವ್ವ ತಲೆ ತಗ್ಗಿಸಿ ಆ ತುಂಡು ಕೊಟ್ಟಳು. "ಉಳಿದದ್ದು ಇಷ್ಟೇ ಯಕ್ಕಾ."

ದ್ಯಾಮವ್ವ ಅದನ್ನು ಚಾಪೆಯ ಮೇಲಿಟ್ಟು, ಕೂಸಿನ ತಲೆಯನ್ನು ಅದರ ಮೇಲೆ ಇಳಿಸಿದಳು. ಪುಟ್ಟ ತಲೆಗೆ ಅಷ್ಟೇ ಸರಿಹೋಯಿತು.

ಕೇಳಿದಿರಾ ಮಕ್ಕಳೇ? ರಾಶಿ ಹಾಕಿದ್ದನ್ನೆಲ್ಲ ಕಾಪಾಡಿದ್ದೇವೆ ಅಂದುಕೊಳ್ಳಬೇಡಿ, ಅಡಿಯಲ್ಲಿ ಅದು ಹಾಳಾಗುತ್ತಿರುತ್ತದೆ. ಬೇಕಾದದ್ದು ಉಳಿಯಬೇಕಾದರೆ ಬೇಡವಾದದ್ದು ಹೋಗಬೇಕು. ಮನೆಯಷ್ಟು ಕೆಲಸ ಕಂಡು ಹೆದರಿದರೆ, ಇವತ್ತಿಗೆ ಒಂದು ಚಾಪೆಯಷ್ಟು ಮಾಡಿ.