ಕಣ್ಮುಚ್ಚಿದ ಗುಡ್ಡ

ಗದಗ ಸೀಮೆಯ ನೀರಲಕೇರಿಯ ಪಡುವಣಕ್ಕೆ ಒಂದು ಗುಡ್ಡವಿದೆ. ಗುಡ್ಡ ಎಂದು ಕರೆದರೆ ಅದಕ್ಕೇ ನಾಚಿಕೆಯಾಗಬೇಕು, ಅಷ್ಟು ಗಿಡ್ಡ. ನೆತ್ತಿಯ ಮೇಲೆ ಕೆಂಪು ಹೆಂಚಿನ ಪುಟ್ಟ ಕಾಲೇಜು, ಮಗ್ಗುಲಲ್ಲಿ ಚರ್ಚು, ನಡುವೆ ಒಂದು ಬೇವಿನ ಮರ. ಫಲಕದಲ್ಲಿ ಏನೇ ಬರೆದಿರಲಿ, ಊರವರಿಗೂ ಬಸ್ಸಿನವರಿಗೂ ಅದು ಕಣ್ಮುಚ್ಚಿದ ಗುಡ್ಡದ ಕಾಲೇಜು. ದೆವ್ವ ಬಂದು ಊರವರ ಕಣ್ಣು ಕಟ್ಟಿತ್ತೆಂದು ಕಥೆ ಹೊಸೆಯುವವರೂ ಇದ್ದಾರೆ. ಅವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಹಿಂದೆ ಒಮ್ಮೆ, ಮೊದಲನೆಯ ಮಹಾಯುದ್ಧದ ಕಾಲಕ್ಕೆ, ಇಲ್ಲಿದ್ದದ್ದು ಬೇವಿನ ಮರದಡಿಯ ಮಿಶನ್ ಶಾಲೆ ಮಾತ್ರ. ನಡೆಸುತ್ತಿದ್ದವರು ಜರ್ಮನಿಯಿಂದ ಬಂದ ಹರ್ಮನ್ ಪಾದ್ರಿ ಮತ್ತು ಊರಿನವರೇ ಆದ ಸತ್ಯಮಿತ್ರ ಮಾಸ್ತರರು. ನೇಕಾರರ ಹುಡುಗರು ಮಗ್ಗ ಬಿಟ್ಟು ಬಂದು ಬೈಬಲ್ಲಿನ ಜೊತೆಗೆ ತರ್ಕ, ಭೂಗೋಳ, ಹಳಗನ್ನಡ ಕಾವ್ಯ ಎಲ್ಲವನ್ನೂ ಓದುತ್ತಿದ್ದರು. ಇದನ್ನೇ ಮುಂದೆ ಕಾಲೇಜು ಮಾಡಬೇಕೆಂಬುದು ಇಬ್ಬರ ಹಟ. ಪಾದ್ರಿಯ ಕನ್ನಡ ಚೆನ್ನಾಗಿಯೇ ಇತ್ತು, ಆದರೆ ಪ್ರಾರ್ಥನೆಯ ನಡುವೆ ಪದ ಸಿಗದೆ ತಟಕ್ಕನೆ ನಿಂತುಬಿಡುತ್ತಿದ್ದರು. ಆಮೆನ್ ಎನ್ನುವವರೆಗೆ ಕಣ್ಣು ತೆರೆಯಬಾರದೆಂಬುದು ಶಾಲೆಯ ಕಟ್ಟಳೆ. ಹುಡುಗರು ಕಣ್ಣು ಮುಚ್ಚಿಕೊಂಡೇ, ಒಳಗೊಳಗೆ ನಗುತ್ತ ಕಾಯುತ್ತಿದ್ದರು.

ಶತ್ರುದೇಶದವರನ್ನೆಲ್ಲ ಹಿಡಿದು ಶಿಬಿರಕ್ಕೆ ಸಾಗಿಸಬೇಕೆಂದು ಬ್ರಿಟಿಷ್ ಸರಕಾರದ ಹುಕುಂ ಹೊರಟಿತ್ತು. ಒಂದು ಬೆಳಗ್ಗೆ ಪ್ರಾರ್ಥನೆಯ ನಡುವೆ ಪಾದ್ರಿಯ ದನಿ ನಿಂತಿತು. ಪದ ಹುಡುಕುತ್ತಿದ್ದಾರೆಂದು ಹುಡುಗರು ಎಂದಿನಂತೆ ಕಾದರು. ದಾರಿಯ ಕಡೆಗೆ ನಿಂತಿದ್ದ ಮಾಸ್ತರರು ಮಾತ್ರ ಏಕೋ ಕಣ್ಣು ತೆರೆದರು. ಸದ್ದಿಲ್ಲದೆ ಬಂದ ಬಂದೂಕಿನ ಪೊಲೀಸರು ಪಾದ್ರಿಯ ಎರಡೂ ತೋಳು ಹಿಡಿದಿದ್ದರು. ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಪಾದ್ರಿ ಬೇಡವೆಂದು ತಲೆಯಾಡಿಸಿದರು. ಕೂಗಿದರೆ ಬಿಸಿರಕ್ತದ ಹುಡುಗರು ಕಲ್ಲೆತ್ತುತ್ತಾರೆ, ಬಂದೂಕು ಸುಮ್ಮನಿರುವುದಿಲ್ಲ. ಕೂಗದಿದ್ದರೆ ತಂದೆಯಂಥ ಮನುಷ್ಯ ಒಂದು ಮಾತೂ ಇಲ್ಲದೆ ಹೋಗುತ್ತಾನೆ. ಮಾಸ್ತರರು ತೆರೆದ ಬಾಯಿ ಮುಚ್ಚಿದರು. ಪಾದ್ರಿಯನ್ನು ಹೊತ್ತ ಪೊಲೀಸರ ಬಂಡಿ ಗುಡ್ಡ ಇಳಿದು ಹೊಲಗಳ ಆಚೆ ಮರೆಯಾಗುವವರೆಗೂ ಹುಡುಗರು ಕೈಮುಗಿದು, ಕಣ್ಮುಚ್ಚಿ ನಿಂತೇ ಇದ್ದರು. ಮಾಸ್ತರರು ಆಮೆನ್ ಅನ್ನಲೇ ಇಲ್ಲ ಎನ್ನುತ್ತಾರೆ. ಅವರು ಬಿಕ್ಕಿದ್ದು ಕೇಳಿ ಹುಡುಗರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು.

“ಪಾದ್ರಿಯವ್ರು ಎಲ್ರೀ ಮಾಸ್ತರ?” ಎಂದು ತಿರುಕಪ್ಪನೆಂಬ ಹುಡುಗ ಕೇಳಿದ.

“ಹಿಡಕೊಂಡು ಹೋದ್ರಪಾ.”

“ನೀವು ನೋಡಿದ್ರಿ? ನೋಡಿ ಸುಮ್ಮನ ನಿಂತ್ರಿ?”

ಪಾದ್ರಿ ಶಿಬಿರದಲ್ಲೇ ತೀರಿಕೊಂಡರೆಂದು ಆಮೇಲೆ ಸುದ್ದಿ ಬಂತು. ಮಾಸ್ತರರು ಊರೂರು ಅಲೆದು ಶಾಲೆಯನ್ನು ಉಳಿಸಿದರು, ಮುಪ್ಪಿನಲ್ಲಿ ಅದು ಕಾಲೇಜಾದದ್ದನ್ನೂ ಕಂಡರು. ಯಾರಾದರೂ ಹೊಗಳಿದರೆ ಮುಖ ತಿರುವುತ್ತಿದ್ದರಂತೆ. ಸಾಯುವವರೆಗೂ ಅವರು ಯಾವ ಪ್ರಾರ್ಥನೆಯಲ್ಲೂ ಕಣ್ಣು ಮುಚ್ಚಲಿಲ್ಲ. ದಾರಿಯನ್ನೇ ನೋಡುತ್ತ ನಿಲ್ಲುತ್ತಿದ್ದರು.

ಇಂದಿಗೂ ಬೆಳಗಿನ ಪ್ರಾರ್ಥನೆಗೆ ಹೋದವರು ಇದನ್ನು ಕಾಣಬಹುದು. ಕಾಲೇಜಿಗೆ ಕಾಲೇಜೇ ಕಣ್ಣು ಮುಚ್ಚಿದಾಗ ಅಧ್ಯಾಪಕರಲ್ಲೊಬ್ಬರು, ಸರದಿಯ ಪ್ರಕಾರ, ದಾರಿಗೆ ಮುಖ ಮಾಡಿ ಕಣ್ಣು ಬಿಟ್ಟು ನಿಲ್ಲುತ್ತಾರೆ. ಹೊಸದಾಗಿ ಸೇರಿದವರಿಗೆ ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು ಎಂದು ಹಿರಿಯರು ತೋರಿಸಿಕೊಡುತ್ತಾರೆ. ಯಾರಾದರೂ ಬಂದರೆ ಏನು ಮಾಡಬೇಕೆಂಬುದನ್ನು ಮಾತ್ರ ಈವರೆಗೆ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ.